ಲಾಳಿಯ ಕಣ್ಣು

ಗುಜರಿ ಅಂಗಡಿಯ ಬಾಷುಮಿಯಾ ತಕ್ಕಡಿಗೆ ಹಾಕಿದ್ದು
ನಾಲ್ಕು ಕೇಜಿ ಹಾಜರಿ ಪುಸ್ತಕ.
ಅರಸೀಕೆರೆ ಮಿಲ್ಲಿನದು,
ರೈಲ್ವೆ ಯಾರ್ಡಿನ ಹಿಂದೆ ಇತ್ತಲ್ಲ, ಅದು.
'ನಿಮಗ್ಯಾತಕ್ಕೆ ಮೇಷ್ಟ್ರೇ, ಕಡ್ಲೆಕಾಯಿ ಕಟ್ಟೋಕೂ ಬರಲ್ಲ,
ಇಲಿ ತಿಂದಿದೆ' ಅಂದ.
ಕಾಸು ಕೊಟ್ಟು ತಂದೆ.

ಮೊದಲ ಪುಟದಲ್ಲಿ ಮಿಲ್ಲು ಇನ್ನೂ ಇಲ್ಲ,
ಬರೀ ಖರ್ಚಿನ ಲೆಕ್ಕ.
ಬಾಯ್ಲರು ರೈಲಿಂದ ಇಳಿದ ದಿನ ಹದಿನಾರು ಜೋಡಿ ಎತ್ತು,
ಹಗ್ಗ, ಹರಳೆಣ್ಣೆ,
ಚಕ್ರದಡಿ ಕಾಲು ಮುರಿದ ಕೆಂಚವೀರನಿಗೆ
ಒಂದು ರೂಪಾಯಿ ನಾಲ್ಕಾಣೆ.
ಬಾಯ್ಲರಿಗೆ ಬಲಿ ಕೊಟ್ಟ ಕುರಿಗೆ ಎರಡು ರೂಪಾಯಿ.

ಆಮೇಲೆ ಹೆಸರುಗಳು. ಕಂಬಳಿ ನೇಯುವವರು ಮೊದಲು ಬಂದರು.
ಮನೆಯ ಗುಂಡಿಮಗ್ಗದಲ್ಲಿ ಕಾಲು ಇಳಿಬಿಟ್ಟು ಕೂತಿದ್ದವರು
ಇಲ್ಲಿ ಹನ್ನೊಂದು ತಾಸು ನಿಂತರು.
ಆ ಮಗ್ಗ ನಿಲ್ಲುತ್ತಿತ್ತು
ಕೂಸು ಅತ್ತರೆ, ನೆಂಟರು ಬಂದರೆ,
ಸುಮ್ಮನೆ ಎಲೆಯಡಿಕೆ ಹಾಕಬೇಕು ಅನ್ನಿಸಿದರೆ.
ಇದು ನಿಲ್ಲುತ್ತಿದ್ದುದು ಬೆಲ್ಟು ಹರಿದಾಗ,
ಇಲ್ಲಾ ಯಾರದಾದರೂ ಕೈ ಸಿಕ್ಕಾಗ.

ದಂಡದ ಕಾಲಂ ಕೆಂಪು ಶಾಯಿಯಲ್ಲಿ:
ತಡವಾಗಿ ಬಂದದ್ದಕ್ಕೆ ಅರ್ಧ ಆಣೆ,
ಕಿಟಕಿ ತೆಗೆದದ್ದಕ್ಕೆ ಒಂದಾಣೆ.
ಗಾಳಿ ಬಂದರೆ ನೂಲು ಒಣಗಿ ತುಂಡಾಗುತ್ತದಂತೆ.
ಗಾಳಿ ಬರದಿದ್ದರೆ ಏನಾಗುತ್ತದೆಂದು ಬರೆದಿಲ್ಲ.

ನೂರ ಹನ್ನೆರಡನೇ ನಂಬರು, ಮುದ್ದೀರಮ್ಮ.
ಪಕ್ಕದಲ್ಲಿ ಹೆಬ್ಬೆಟ್ಟು.
ನಮ್ಮಜ್ಜಿ.
ನಾನು ಹಿಡಿದು ನಡೆದ ಹೆಬ್ಬೆಟ್ಟಿಗೆ ಗೆರೆಗಳೇ ಇರಲಿಲ್ಲ,
ನೂಲು ಉಜ್ಜಿ ಉಜ್ಜಿ ಒರೆಸಿಹಾಕಿತ್ತು.
ಇಲ್ಲಿ ಎಲ್ಲಾ ಇವೆ, ಉಂಗುರ ಉಂಗುರವಾಗಿ,
ಹದಿಮೂರು ವರ್ಷದ ಹುಡುಗಿಯವು.
ವಯಸ್ಸಿನ ಮುಂದೆ ಹದಿನೆಂಟು ಅಂತ ಬರೆದಿದ್ದಾನೆ ಗುಮಾಸ್ತ.
ಅಕ್ಷರ ಮಾತ್ರ ಮುತ್ತು ಪೋಣಿಸಿದ ಹಾಗೆ.

ಲಾಳಿಗೆ ಒಂದು ಕಣ್ಣಿರುತ್ತದೆ.
ಹೊಸ ಕಂಡಿಕೆ ಹಾಕಿದಾಗಲೆಲ್ಲ ಅದಕ್ಕೆ ತುಟಿಯೊತ್ತಿ
ಉಸಿರೆಳೆದರೆ ನೂಲಿನ ತುದಿ ಬಾಯಿಗೆ ಬರುತ್ತದೆ,
ಜೊತೆಗೆ ಒಂದಿಷ್ಟು ಧೂಳು, ಒಂದಿಷ್ಟು ಎಣ್ಣೆ.
ದಿನಕ್ಕೆ ಮುನ್ನೂರು ಸಲ.
'ನಿಮ್ಮ ತಾತನಿಗೆ ಅಷ್ಟು ಮುತ್ತು ಕೊಟ್ಟಿಲ್ಲ ಬಿಡು' ಅನ್ನೋಳು,
ಮುಂದಿನ ಹಲ್ಲಿಲ್ಲದ ಬಾಯಿ ತುಂಬ ನಕ್ಕು.

ಒಂದು ಲಾಳಿ, ಎರಡು ಪಾಳಿ.
ಊರಲ್ಲಿ ಒಂದೇ ಬಾವಿಗೆ ಹಗ್ಗ ಇಳಿಸದವರು
ಒಂದೇ ಲಾಳಿಗೆ ಬಾಯಿಟ್ಟರು,
ಹಗಲಿನ ಎಂಜಲಿಗೆ ರಾತ್ರಿಯ ಎಂಜಲು.
ಕಂಪನಿಗೆ ಅದು ಲೆಕ್ಕಕ್ಕಿರಲಿಲ್ಲ. ಕೇರಿಗೆ ಗೊತ್ತಾಗಲಿಲ್ಲ.
ಯಾರ ಮುಂದೂ ಆಡಬೇಡ ಅಂತ ನನ್ನ ಬಾಯಿ ಮುಚ್ಚಿಸಿದ್ದಳು.
ಈಗ ಆಡಿದೆ.

ಮಗ್ಗಗಳ ಗದ್ದಲದಲ್ಲಿ ಹೆಂಗಸರು
ಬರೀ ತುಟಿಯಲ್ಲಿ ಮಾತಾಡಿಕೊಂಡರು,
ಬಯ್ಗುಳ, ಸೀರೆ, ಸಾರು, ಸಾವು, ಎಲ್ಲಾ.
ಮಿಲ್ಲು ಬಿಟ್ಟ ಮೇಲೂ ಅಜ್ಜಿಗೆ ಅದೇ ರೂಢಿ.
ಬೀದಿಯ ಆ ತುದಿಯಿಂದ, ಸದ್ದಿಲ್ಲದೆ,
ತುಟಿಯನ್ನು ಇಷ್ಟಗಲ ಆಡಿಸಿ ನನ್ನ ಹೆಸರು ಕರೆಯೋಳು.
ಹುಡುಗರು ನಗುತ್ತಿದ್ದರು.
ನಾನೂ ನಕ್ಕಿದ್ದೇನೆ.

ಮಿಲ್ಲಿನ ಗೋಡೆಗಳೊಳಗೆ ಈಗ ಕೊಬ್ಬರಿ ಮೂಟೆ.
ಊರಿಗೆಲ್ಲ ಗಂಟೆ ಹೇಳುತ್ತಿದ್ದ ಕೂಗು ನಿಂತ ಮೇಲೆ
ಒಂದೊಂದು ಮನೆಯ ಗಡಿಯಾರ ಒಂದೊಂದು ಹೊತ್ತು ತೋರಿಸಿತಂತೆ,
ಎಷ್ಟೋ ದಿನ.

ಮೂವತ್ತೆರಡು ವರ್ಷ ನಾನೂ ಹಾಜರಿ ಕೂಗಿದವನು.
ಬೆರಳು ತಾನಾಗಿ ಸಾಲಿನ ಮೇಲೆ ಓಡುತ್ತದೆ.
ನೂರ ಹನ್ನೆರಡು: ಹಾ, ಹಾ, ಹಾ, ಹಾ.
ಒಂದು ಆಷಾಢದ ವಾರದಲ್ಲಿ ಗೈ, ಗೈ, ಗೈ,
ಮೂರಕ್ಕೂ ಕೂಲಿ ಮುರಿದಿದ್ದಾರೆ.
ನಾಲ್ಕನೇ ದಿನ ಮತ್ತೆ ಹಾ.

ನಮ್ಮಪ್ಪ ಹುಟ್ಟಿದ್ದು ಆ ವಾರ.
ಕೂಸನ್ನು ಎಲ್ಲಿ ಮಲಗಿಸಿ ಬಂದಿದ್ದಳೋ,
ಪುಟದ ಆ ತುದಿಯಿಂದ ಈ ತುದಿಗೆ ಹುಡುಕಿದೆ.
ಅದಕ್ಕೊಂದು ಕಾಲಂ ಇಲ್ಲ.