ಐದನೇ ಜೇಬು

ರಾಯದುರ್ಗದಲ್ಲಿ ಮಣ್ಣಿಗಿಂತ ಪ್ಯಾಂಟು ಜಾಸ್ತಿ.
ಹೊಲಿಗೆ ತಪ್ಪಿದ್ದು, ಕಾಲು ಗಿಡ್ಡವಾದದ್ದು,
ಕಲೆ ಬಿದ್ದು ವಾಪಸು ಬಂದದ್ದು.
ಮೊಣಕಾಲಿಗೆ ಕತ್ತರಿಸಿ, ಬುಡಕ್ಕೆ ಎರಡು ಸುತ್ತು ಹೊಲಿಗೆ ಹಾಕಿ,
ಕೆರೆಯ ಗೋಡು, ಕುರಿಹಿಕ್ಕೆ, ಒಲೆಯ ಬೂದಿ ತುಂಬಿ
ಮಾಳಿಗೆ ಮೇಲೆ ನಿಲ್ಲಿಸಿದೆ.
ಹನ್ನೊಂದು ಕಾಲು.
ಓಣಿಯಿಂದ ನೋಡಿದವರಿಗೆ
ಮೊಣಕಾಲಿಂದ ಮೇಲೆ ಗಿಡವಾಗಿಬಿಟ್ಟ ಐದೂವರೆ ಗಂಡಸರು
ಬಸ್ಸಿಗೆ ಕಾಯುತ್ತಿದ್ದಂತೆ.

ಮೊದಲ ದಿನ ನೀರು ಹಾಕಿದರೆ ಬುಡದಿಂದ ನೀಲಿ ಇಳಿಯಿತು.
ಎರ್ರಿಸ್ವಾಮಿ ನಕ್ಕ: ಇನ್ನು ನೀನು ಬೆಳೆಯೋದು
ಕೃಷ್ಣನ ಹೀರೇಕಾಯಿ.
ನಾಲ್ಕು ದಿನ ಹಾಗೇ ಇಳಿದು
ಐದನೇ ದಿನ ಬರೀ ನೀರು.

ನೀರು ಅಂದೆನಲ್ಲ, ಅದಕ್ಕೊಂದು ಲೆಕ್ಕ ಇದೆ.
ನಳ ಬರುವುದು ಎಂಟು ದಿನಕ್ಕೊಮ್ಮೆ, ರಾತ್ರಿ ಎರಡಕ್ಕೆ,
ಬಂದರೂ ಕೆಮ್ಮುತ್ತಾ ಬರುತ್ತದೆ.
ಅಕ್ಕಿ ತೊಳೆದದ್ದು ದಂಟಿಗೆ, ಬೇಳೆ ತೊಳೆದದ್ದು ಪುಂಡಿಗೆ,
ಮಗಳು ಮುಖ ತೊಳೆಯುವಾಗ ಕೆಳಗೊಂದು ಬೋಗುಣಿ.
"ಅಮ್ಮಾ, ಸೋಪು ಹಚ್ಚಲಾ ಬೇಡವಾ?" ಎಂದು
ಬಚ್ಚಲಿಂದ ಕೂಗಿ ಕೇಳುತ್ತಾಳೆ.
ಹೀರೆಯ ಪಕ್ಕ ಮಾತ್ರ ಒಂದು ಮಣ್ಣಿನ ಕುಡಿಕೆ
ಕುತ್ತಿಗೆ ತನಕ ಹೂತು, ಬಾಯಿಗೆ ಹಂಚಿನ ಚೂರು ಮುಚ್ಚಿದೆ.
ಬೇರು ಅದನ್ನು ಹುಡುಕಿಕೊಂಡು ಹೋಗಿ ತಬ್ಬುತ್ತದಂತೆ,
ಬಾಯಾರಿದಷ್ಟೇ ಹೀರುತ್ತದಂತೆ.
ಹೇಳಿದವಳು ಓಬುಳಮ್ಮ, ಪಕ್ಕದ ಮಾಳಿಗೆ.
ಅವಳಿಗದು ಬೀರಕಾಯ. ನನ್ನ ಪುಂಡಿ ಅವಳ ಗೋಂಗೂರ.
ನಡುವಿನ ಗಿಡ್ಡ ಗೋಡೆ ಮೇಲೆ
ಸೊಪ್ಪಿನ ತಟ್ಟೆ ಹೋಗಿ ಪಪ್ಪಿನ ಬಟ್ಟಲು ಬರುತ್ತದೆ.

ಭರಣಿ ಬಿದ್ದರೆ ಧರಣಿಯೆಲ್ಲ ಬೆಳೆ ಅಂತಾರೆ.
ಈ ಸಲ ಭರಣಿ ಬಳ್ಳಾರಿ ತನಕ ಬಂದು
ಏನೋ ಮರೆತವಳಂತೆ ತಿರುಗಿ ಹೋಯಿತು.
ಕೋಟೆಬೆಟ್ಟದ ಬಂಡೆ ಹಗಲೆಲ್ಲ ಕುಡಿದ ಬಿಸಿಲನ್ನು
ರಾತ್ರಿ ನಮ್ಮ ಮೇಲೆ ಉಗುಳಿತು.
ಮೆಣಸಿನ ಗಿಡ ಎಲೆ ಮಡಚಿ ಕೂತಿತು.
ಟೊಮೆಟೊ ಹೋಯಿತು. ಅದರ ಮಾತು ಬೇಡ.
ಹೀರೇಬಳ್ಳಿಯಲ್ಲಿ ಮಾತ್ರ ಹೂವೋ ಹೂವು,
ಸಂಜೆ ಅರಳಿ ಬೆಳಿಗ್ಗೆ ಉದುರಿ.
ಎಲ್ಲಾ ಗಂಡು.
ಇಪ್ಪತ್ತು ದಿನ.

"ಎಂಡಕು ಅಂತೇ ಲೇಮ್ಮಾ," ಅಂದಳು ಓಬುಳಮ್ಮ.
ಬಿಸಿಲಿಗೆ ಹೆಣ್ಣು ಒಳಗೇ ಕೂರುತ್ತಾಳೆ, ನೆರಳು ಕೊಡು.
ನನ್ನ ಮದುವೆಯ ಎರಡನೇ ಸೀರೆ, ಇಳಕಲ್ಲಿನದು, ಅಂಚು ಪಿಸಿದದ್ದು,
ನಾಲ್ಕು ಕೋಲಿಗೆ ಕಟ್ಟಿದೆ.
ಅದರಡಿ ಮಧ್ಯಾಹ್ನ ಕೆಂಪಾಯಿತು.

ಒಂಬತ್ತನೇ ಸಂಜೆ, ಎಲೆಯ ಹಿಂದೆ,
ಮೊಗ್ಗಿನ ಬೆನ್ನಿಗೆ ಬೀಡಿಯಷ್ಟು ಹಸಿರು.
ಕೆಳಗೆ ಮಿಷನ್ನಿನ ಮೇಲೆ ನಲವತ್ತು ಜಿಪ್ಪು ಬಾಕಿ,
ಮಾಲೀಕನ ಫೋನಿನ ಮೇಲೆ ಫೋನು.
ನಾನು ಗಂಡುಹೂವೊಂದನ್ನು ಕಿತ್ತು, ಎಸಳು ಬಿಡಿಸಿ,
ನೀಲಿ ಹತ್ತಿದ ಬೆರಳಲ್ಲಿ ಹಿಡಿದು
ಆಗಷ್ಟೇ ಅರಳಿದ ಅದರ ಮುಖಕ್ಕೆ ಸವರಿದೆ.
ಸೂಜಿಗೆ ದಾರ ಪೋಣಿಸುವಾಗ ಉಸಿರು ಹಿಡಿಯುತ್ತೇನಲ್ಲ,
ಹಾಗೆ.

ಒಂದೇ ಕಾಯಿ ನಿಂತಿತು.
ಎರ್ರಿಸ್ವಾಮಿ ದಿನಾ ಟೇಪು ಹಿಡಿದು ಅಳೆದು
ಚಾಕ್‌ಪೀಸಿನಲ್ಲಿ ಗೋಡೆಗೆ ಬರೆದ.
ಹದಿಮೂರು ಇಂಚಾದ ದಿನ
ಮಗಳು ಚಟ್ನಿಗೆ ಮೆಣಸಿನಕಾಯಿ ಹುರಿದಿಟ್ಟಳು.
ನಾನು ಕೊಯ್ಯಲಿಲ್ಲ.
ಮೂವರೂ ಬೈದರು; ಓಬುಳಮ್ಮ ತೆಲುಗಿನಲ್ಲಿ.

ಬಳ್ಳಿಯಲ್ಲೇ ಹಳದಿಯಾಗಿ, ಕಂದಾಗಿ, ಹಗುರಾಗಿ
ಗಾಳಿ ಬಂದರೆ ಗಿಲಿಗಿಲಿ ಅನ್ನತೊಡಗಿತು.
ಮೂತಿಯ ಮುಚ್ಚಳ ಕಿತ್ತು ಕೊಡವಿದೆ:
ಕರಿ ಬೀಜ, ಅರವತ್ತೆಂಟು.
ಅರ್ಧ ಗೋಡೆಯಾಚೆಗೆ. ನಾರು ಬಚ್ಚಲಿಗೆ.

ಜೀನ್ಸಿಗೆ ಮುಂದೆ ಎರಡು, ಹಿಂದೆ ಎರಡು ಜೇಬು.
ಬಲಗಡೆಯದರ ಒಳಗೆ ಇನ್ನೊಂದು,
ಎರಡು ಬೆರಳು ಕಷ್ಟಪಟ್ಟು ಹೋಗುವಂಥದು.
ಹದಿನಾರು ವರ್ಷದಿಂದ ಅದನ್ನು ಹೊಲಿಯುತ್ತಿದ್ದೇನೆ,
ಪೀಸಿಗೆ ಇಷ್ಟು ಪೈಸೆ ಅಂತ;
ಯಾಕಿದೆ ಅಂತ ಒಬ್ಬರೂ ಹೇಳಿಲ್ಲ.
ವಾಪಸು ಬಂದ ಪ್ಯಾಂಟಿನದೊಂದನ್ನು ಬಿಡಿಸಿ,
ಬೀಜ ತುಂಬಿ, ಬಾಯಿ ಹೊಲಿದು
ಮಿಷನ್ನಿನ ಮೇಲಿನ ಮೊಳೆಗೆ ತೂಗುಹಾಕಿದೆ.

ಆರಿದ್ರೆಯೂ ಬರಲಿಲ್ಲ.
ಇವತ್ತಿಗೆ ಎಂಟನೇ ರಾತ್ರಿ,
ಬಿಂದಿಗೆ ಸಾಲಿಟ್ಟು ಬಾಗಿಲಲ್ಲಿ ಕೂತಿದ್ದೇನೆ.
ಎಲ್ಲೋ ಮೂರು ಮನೆ ಆಚೆ
ಕೆಮ್ಮು ಕೇಳಿದಂತಾಯಿತು.