ಬಾಗಿಲಿನಿಂದ ಕಿಟಕಿಗೆ

ಮಾಲ್ದಾರೆ ದಾಟಿ, ತೋಟದ ಲೈನ್‌ಮನೆಗಳ ಹಿಂದೆ
ನಮ್ಮದು ಒಂದೇ ಕೋಣೆಯ ಶಾಲೆ.
ಇಲ್ಲಿ ಪಾಸಾಗುವುದೆಂದರೆ
ಬಾಗಿಲಿನಿಂದ ಕಿಟಕಿಯ ಕಡೆಗೆ
ನಾಲ್ಕು ಅಡಿ ಸರಿಯುವುದು.

ಬಾಗಿಲ ಬಳಿ ಒಂದನೆಯದು. ಚಾಪೆ.
ರ ಗ ಸ ದ ಅ.
ಅಮ್ಮನಿಗೂ ಮೊದಲು ಬರುತ್ತದೆ ಗರಗಸ,
ಆಮೇಲೆ ಅರಸ, ಸರ, ದರ.
ಅರಸನನ್ನು ಯಾರೂ ಕಂಡಿಲ್ಲ.
ಗರಗಸ ಗೊತ್ತು: ಸಿಲ್ವರ್ ಮರ ಬಿದ್ದ ದಿನ
ಅದರ ಹೊಟ್ಟನ್ನು ತಲೆತುಂಬ ಸುರಿದುಕೊಂಡು
ಮದುಮಗಳಾಗಿ ಬಂದಿದ್ದಳು ಪಾಲಿ.
ದರವೂ ಗೊತ್ತು. ಅದು ಏರುವುದು, ಇಳಿಯುವುದು
ಸಾಹುಕಾರರ ಮುಖದಲ್ಲಿ.
ಆನೆ ಮಾತ್ರ ಪಾಠಕ್ಕೆ ಇನ್ನೂ ಬಂದಿಲ್ಲ;
ಆ ಬರಬೇಕು, ಎತ್ವ ಬರಬೇಕು.
ಅಷ್ಟರೊಳಗೆ ಅಡುಗೆಮನೆಯ ಹಿಂದಿನ ಬಾಳೆ ಮುರಿದು
ನೀರಿನ ತೊಟ್ಟಿ ಮಗುಚಿ
ಎರಡು ಸಲ ಬಂದು ಹೋಯಿತು.
'ಅದಕ್ಕೆ ಅಕ್ಷರ ಬರಲ್ಲ ಟೀಚರ್' ಅಂದಳು ಪಾಲಿ,
ಬೈಯುವ ದನಿಯಲ್ಲಲ್ಲ,
ತಮ್ಮನ ಪರ ವಹಿಸುವ ದನಿಯಲ್ಲಿ.

ಎರಡನೆಯದರಲ್ಲಿ ಕಳೆಯುವ ಲೆಕ್ಕ.
ಮೂರರಲ್ಲಿ ಏಳು ಹೋಗದಿದ್ದರೆ
ಪಕ್ಕದ ಮನೆಯಿಂದ ಹತ್ತು ತರಬೇಕು, ಅಂದೆ.
ಚಾತ ಕೈಯೆತ್ತಿದ:
'ತಂದದ್ದನ್ನ ವಾಪಸು ಯಾವಾಗ ಕೊಡೋದು?'
ಹದಿಮೂರು ವರ್ಷ ಈ ಲೆಕ್ಕ ಮಾಡಿಸಿದ್ದೇನೆ,
ಹಲಗೆಯ ಮೇಲೆ ಒಬ್ಬರೂ ವಾಪಸು ಕೊಟ್ಟಿಲ್ಲ.
ಅವನಪ್ಪ ಮುಂಗಡ ತಂದ ಮನೆ ನನಗೂ ಗೊತ್ತು.
ಒರೆಸಿದೆ. ಕಡ್ಡಿಗಳನ್ನಿಟ್ಟು ಮೊದಲಿಂದ ಶುರುಮಾಡಿದೆ.

ಮೂರನೆಯದರ ಬಗ್ಗೆ ಹೆಚ್ಚು ಹೇಳಲಾರೆ.
ಹುತ್ತರಿ ಕಳೆದರೆ ಅದು ಖಾಲಿ,
ಹಣ್ಣು ಕುಯ್ಯುವ ಅಮ್ಮಂದಿರ ಹಿಂದೆ
ನೆಲಕ್ಕೆ ಬಿದ್ದದ್ದನ್ನು ಹೆಕ್ಕಲು ಹೋಗಿರುತ್ತದೆ.
ಮರಳಿ ಬಂದಾಗ ಬೆರಳು ಕಪ್ಪು.
ಕಿಲೋ ಎಂದರೆ ಎಷ್ಟು ಗ್ರಾಂ ಅಂತ ಕೇಳಿದರೆ
'ಚೀಲದ್ದು ಕಳೆದೋ, ಕಳೆಯದೆಯೋ?'

ನಾಲ್ಕನೆಯದಕ್ಕೆ ಭೂಪಟ.
ಕೆಳಗೆ, ಎಡಗಡೆ,
ನನ್ನ ಹೆಬ್ಬೆರಳಿಟ್ಟರೆ ಮುಚ್ಚಿಹೋಗುವಷ್ಟು ಕೊಡಗು.
ಕಾವೇರಿ ಒಂದು ನೀಲಿ ನೂಲು.
'ನಿನ್ನ ಊರು ತೋರಿಸು' ಅಂದೆ.
ಸೋಫಿಕುಲ್ ಕೊಡಗು ಬಿಟ್ಟ, ಬೀದರ್ ಬಿಟ್ಟ,
ಪಟದ ಅಂಚು ದಾಟಿ
ಗೋಡೆಯ ಮೇಲೆ ಬೆರಳು ನಡೆಸಿಕೊಂಡು ಹೋದ.
ಸುಣ್ಣ ಉದುರಿದ ಜಾಗ, ಸ್ವಿಚ್ಚಿನ ಪೆಟ್ಟಿಗೆ,
ಕೊನೆಗೆ ತುದಿಗಾಲಲ್ಲಿ ನಿಂತು, ಜೇಡರ ಬಲೆಯ ಹತ್ತಿರ: 'ಇಲ್ಲಿ.
ಇಲ್ಲೂ ನದಿ ಇದೆ. ನಮ್ಮ ಮನೆ ತಗೊಂಡು ಹೋಯ್ತು.'
ಆ ದಿನದಿಂದ ಆ ಮೂಲೆಗೆ ನಾನು ಪೊರಕೆ ಆಡಿಸಿಲ್ಲ.

ಐದನೆಯದರಲ್ಲಿ ಒಬ್ಬಳೇ, ಬೊಳ್ಳಿ.
ಕಿಟಕಿಯ ಬಳಿಯ ಬೆಂಚು ಪೂರ್ತಿ ಅವಳದು.
ಮೊಟ್ಟೆಯ ದಿನ ಭಾಗಾಕಾರ:
ಇಪ್ಪತ್ತಮೂರು ಮೊಟ್ಟೆ, ಐದು ಸಾಲು, ಉಳಿಕೆ ಎಷ್ಟು?
ಬೊಳ್ಳಿ ಬಾಯಿ ತೆರೆಯುವ ಮೊದಲೇ
ಬಾಗಿಲ ಬಳಿಯ ಚಾಪೆಯಿಂದ, 'ಮೂರು!'
ಕಿಟಕಿಗೆ ಹೇಳಿದ್ದು ಬಾಗಿಲಿಗೂ ಕೇಳುತ್ತದೆ ಈ ಕೋಣೆಯಲ್ಲಿ.
ಬೊಳ್ಳಿ ತಿರುಗಿ ಕಣ್ಣು ಬಿಟ್ಟಳು, ಆಮೇಲೆ ನಕ್ಕಳು.
ಅವಳೂ ಹಾಗೇ ಕದ್ದು ಕಲಿತವಳು.

ಏಪ್ರಿಲ್‌ನಲ್ಲಿ ಅವಳ ವರ್ಗಾವಣೆ ಪತ್ರ ಬರೆದೆ.
ಗುರುತಿನ ಚಿಹ್ನೆ: ಎಡ ಮೊಣಕೈಯಲ್ಲಿ ಗಾಯದ ಕಲೆ.
ನಡತೆ: ಉತ್ತಮ.
ಓದಿದ ತರಗತಿ: ಐದು.
ಕಲಿತದ್ದಕ್ಕೆ ಕಾಲಂ ಇರಲಿಲ್ಲ.
ಆರನೆಯದು ಸಿದ್ದಾಪುರದಲ್ಲಿ, ಬೆಳಗಿನ ಜೀಪಿನಲ್ಲಿ,
'ಆನೆ ಇದೆ, ಹೊರಗೆ ಬರಬೇಡಿ' ಎಂದು
ಅರಣ್ಯದವರು ಕೂಗದ ದಿನ.

ಜೂನಿನಲ್ಲಿ ಬೀಗ ತೆಗೆದೆ. ಗೋಡೆಯೆಲ್ಲ ಬೆವರಿತ್ತು.
ಯಾರೂ ಹೇಳದೆಯೇ ಎಲ್ಲರೂ
ನಾಲ್ಕು ಅಡಿ ಸರಿದು ಕೂತಿದ್ದರು.
ಕಿಟಕಿಯ ಬೆಂಚು ಖಾಲಿ; ಸೋಫಿಕುಲ್ ಬಂದಿಲ್ಲ,
ಅವರ ಲೈನಿಗೆ ಬೇರೆಯವರು ಬಂದಿದ್ದಾರಂತೆ.
ಪಾಲಿ ಸ್ಲೇಟು ಎತ್ತಿ ಹಿಡಿದಳು.
ರಜೆಯಲ್ಲಿ ಬೊಳ್ಳಿ ಹೇಳಿಕೊಟ್ಟದ್ದು:
ಸ್ಲೇಟು ಸಾಲದೆ ಕಟ್ಟಿಗೆಯ ಮೇಲೂ ಹತ್ತಿದ
ದೊಡ್ಡ ಆ, ಪಕ್ಕದಲ್ಲಿ ಪುಟ್ಟ ನ.
ಎತ್ವ ಇಲ್ಲ.
ತಿದ್ದಲು ಸೀಮೆಸುಣ್ಣ ಕೈಗೆತ್ತಿಕೊಂಡವಳು
ಮೊದಲು ಹಾಜರಿ ಕೂಗಿದೆ.