ಸುಣ್ಣ ಹಚ್ಚದ ಕಲ್ಲು

ಇವತ್ತು ಬಿಷಪ್ಪರ ಗುಮಾಸ್ತ ಬಂದಿದ್ದ, ಈಡಾ.
ಹೆಬ್ಬಾತಿನ ಗರಿ, ಮಸಿಯ ಕೊಂಬು, ಮಡಚುವ ಮೇಜು.
“ಗೋಸ್ವಿನ್, ತಾಯಿ ಹೈಲ್ವಿಗಾಳನ್ನು
ಗೋಡೆಯೊಳಗಿಟ್ಟವನು ನೀನೇ ತಾನೆ?”

ನಾನೇ ಅಂದೆ.
ಸುವಾರ್ತೆಯ ಮೇಲೆ ಕೈ ಇಡಿಸಿ ಪ್ರಮಾಣ ಮಾಡಿಸಿದ.
ಈ ಕೈ ನೋಡಿದ್ದೀಯಲ್ಲ, ಎರಡು ಬೆರಳು
ಮಡಚುವುದಿಲ್ಲ, ಸುಣ್ಣ ತಿಂದದ್ದು.

ಅವಳು ಒಳಹೋದ ದಿನ
ಮಾಸ್ ಹೊಳೆ ಹೆಪ್ಪುಗಟ್ಟಿತ್ತು ಅಂದೆ.
ಇಗರ್ಜಿಯ ಬಡಗಣ ಗೋಡೆಗೆ ಆತುಕೊಂಡ ಕೋಣೆ,
ಉದ್ದ ಏಳು ಹೆಜ್ಜೆ, ಅಗಲ ಐದು.
ಸತ್ತವರಿಗೆ ಹಾಡುವುದನ್ನೇ ಹಾಡಿದರು
ಅವಳು ನಿಂತು ಕೇಳುತ್ತಿರುವಾಗಲೇ.
ಉಣ್ಣೆ ವ್ಯಾಪಾರಿಯ ವಿಧವೆ, ಇಪ್ಪತ್ತಾರು ವರ್ಷ,
ತಲೆಯ ಮೇಲೆ ಹಿಡಿಮಣ್ಣು ಬಿದ್ದಾಗ
ಸೀನಿದಳು.
ಗುಮಾಸ್ತ ಅದನ್ನು ಬರೆದುಕೊಳ್ಳಲಿಲ್ಲ.

ಆಮೇಲೆ ನನ್ನ ಕೆಲಸ.
ಬಾಗಿಲಿದ್ದ ಜಾಗಕ್ಕೆ ಕಲ್ಲಿನ ಮೇಲೆ ಕಲ್ಲು.
ಎದೆಮಟ್ಟಕ್ಕೆ ಬಂದಾಗ ಒಳಗಿಂದ ಕೇಳಿದಳು:
“ಕಿಟಕಿ ಇನ್ನೊಂದು ಗೇಣು ಕೆಳಗಿರಬಹುದಿತ್ತಲ್ಲ?
ಮಕ್ಕಳು ಬಂದರೆ ಏನು ಮಾಡುತ್ತಾರೆ?”
ಮಾರನೆಯ ದಿನ ಹೋಗಿ ಇಳಿಸಿಕೊಟ್ಟೆ.
ಮೂವತ್ತೊಂದು ವರ್ಷ ಆ ಕರಿ ಪರದೆಯ ಮುಂದೆ
ಊರು ತನ್ನ ಒಡಲು ತೋಡಿಕೊಂಡಿತು.
ಮೊಣಕೈ ಊರಿ ಊರಿ ಕಿಟಕಿಗಲ್ಲಿನಲ್ಲಿ
ಎರಡು ಬಟ್ಟಲು ಮೂಡಿವೆ.
ನಿನ್ನಜ್ಜಿಯೂ ಹೋಗುತ್ತಿದ್ದಳು, ನನ್ನ ಮೇಲೆ ದೂರು ಹೇಳಲು.
ಬರುವಾಗ ನಗುತ್ತಾ ಬರುತ್ತಿದ್ದಳು.

“ಪವಾಡ?” ಅಂದ ಗುಮಾಸ್ತ.
ಪವಾಡವಿಲ್ಲದೆ ರೋಮ್ ಕಿವಿಗೊಡುವುದಿಲ್ಲವಂತೆ.

ಜನ ಹೇಳುವುದನ್ನೇ ಹೇಳಿದೆ.
ಬೇನೆ ಬಂದ ವರ್ಷ, ಚರ್ಮ ಹದಮಾಡುವವರ ಕೇರಿಗೆ
ಪಾದ್ರಿಯೂ ಕಾಲಿಡದ ರಾತ್ರಿಗಳಲ್ಲಿ
ಯಾರೋ ಒಬ್ಬಳು ಬರುತ್ತಿದ್ದಳು.
ಹೆಣ ತೊಳೆದಳು, ಒಲೆ ಹೊತ್ತಿಸಿದಳು,
ಎಳೆಗೂಸಿನ ಬಾಯಿಗೆ ಹಾಲಲ್ಲಿ ಅದ್ದಿದ ಬಟ್ಟೆ.
ಮಾತಿಲ್ಲ. ಕೋಳಿ ಕೂಗುವ ಮೊದಲೇ ಮಾಯ.
ಬೆಳಿಗ್ಗೆ ಕಿಟಕಿಗೆ ಹೋದರೆ ತಾಯಿ ಒಳಗೇ ಇದ್ದಳು,
ರೊಟ್ಟಿಗೆ ಚಾಚಿದ ಕೈ ತುಂಬ ಕೆಂಪು ಗಂದೆ.
ಕ್ರಿಸ್ತನ ಗಾಯ ಎಂದರು ಕೆಲವರು.
ಗುಮಾಸ್ತನ ಗರಿ ಓಡಿತು.
“ಒಂದೇ ದೇಹ, ಎರಡು ಕಡೆ,” ಎಂದು ಗಟ್ಟಿಯಾಗಿ ಓದಿ
ಒದ್ದೆ ಮಸಿಯ ಮೇಲೆ ಮರಳು ಉದುರಿಸಿದ.

ಈಡಾ, ಬಾಗಿಲು ಹಾಕು.

ಕೆಳಸಾಲಿನಲ್ಲಿ, ಎಡದಿಂದ ಮೂರನೆಯದು,
ಆ ಒಂದು ಕಲ್ಲಿಗೆ ನಾನು ಸುಣ್ಣ ಹಚ್ಚಲಿಲ್ಲ.
ಹೊರಗೆ ತೆಳ್ಳಗೆ ಗಾರೆ ಬಳಿದೆ, ತೋರಿಕೆಗೆ.
ಯಾಕೆಂದು ಕೇಳಬೇಡ. ಸೀನಿದ್ದಳಲ್ಲ,
ಸೀನುವ ಜೀವವನ್ನು ಪೂರ್ತಿ ಮುಚ್ಚುವುದು
ನನ್ನ ಕೈಯಲ್ಲಾಗಲಿಲ್ಲ.
ಅವಳಿಗೆ ಹೇಳಲಿಲ್ಲ. ಪಾಪನಿವೇದನೆಯಲ್ಲೂ ಹೇಳಲಿಲ್ಲ.
ನಾಯಿ ನುಸುಳುವಷ್ಟು ಸಂದು,
ಉಪವಾಸದ ಹೆಂಗಸಿಗೂ ಸಾಕು.

ಸತ್ತಾಗ ಗೋಡೆ ಬಿಚ್ಚಲು ನನ್ನನ್ನೇ ಕರೆದರು.
ಮೇಲಿನ ಸಾಲುಗಳನ್ನಷ್ಟೇ ಕಳಚಿದೆ.
ಎಲ್ಲರೂ ಅವಳ ಮುಖ ನೋಡುತ್ತಿದ್ದಾಗ
ಬಗ್ಗಿ ಆ ಕಲ್ಲು ಮುಟ್ಟಿದೆ.
ಅಂಚುಗಳು ಬೆಣ್ಣೆಯ ಹಾಗೆ ನುಣುಪು, ಮಗೂ.
ಎಷ್ಟು ಸಲ ಎಳೆದಿದ್ದಳೋ,
ಎಷ್ಟು ಸಲ ತಿರುಗಿ ಬಂದು
ಒಳಗಿಂದ ಮುಚ್ಚಿಕೊಂಡಿದ್ದಳೋ.
ಹೊರಗಿನ ಗಾರೆ ಎಂದೋ ಉದುರಿತ್ತು.
ಆ ಜಾಗದ ತುಂಬ ತುರಿಕೆಗಿಡ, ಸೊಂಟದೆತ್ತರ.

ಬಿಷಪ್ಪರು ಬರುವ ಮುಂಚೆ
ರಾತ್ರಿ ಹೋಗಿ ಸುಣ್ಣ ತುಂಬಿದೆ.
ಈಗ ಅವಳ ಕಿರುಬೆರಳು ಒಂದು ಮಠದಲ್ಲಿ,
ಹಲ್ಲುಗಳಿಗಾಗಿ ಎರಡು ಊರು ಜಗಳ.
ಯಾತ್ರಿಕರು ಗಾರೆ ಕೆರೆದು ನೀರಲ್ಲಿ ಕದಡಿ ಕುಡಿಯುತ್ತಾರೆ,
ನಾನು ಕಲಸಿದ ಗಾರೆ.
ವಾಸಿಯೂ ಆಗುತ್ತದಂತೆ.

ನಾಳೆ ಗುಮಾಸ್ತನ ಹಾಳೆಗೆ ಶಿಲುಬೆ ಗೀಚಬೇಕು.
ಗೀಚುತ್ತೇನೆ.
ಆ ಸಂದು ನನ್ನ ಕೆಲಸವೆಂದು ತಿಳಿದಿದ್ದಳೋ
ದೇವರದೆಂದುಕೊಂಡಳೋ,
ಅದೊಂದೇ ಕೊರೆಯುತ್ತಿತ್ತು ಇಷ್ಟು ದಿನ.
ಇವತ್ತು ಆ ಮೇಜಿನ ಮುಂದೆ ನಿಂತಾಗ ನೆನಪಾಯಿತು,
ನಿನ್ನಜ್ಜಿ ಒಮ್ಮೆ ನಗು ತಡೆಯಲಾರದೆ ಅಂದದ್ದು:
“ತಾಯಿ ಹೇಳಿದಳು,
ನಿನ್ನ ಗಂಡನಿಗೆ ಇನ್ನೂ
ಗೋಡೆ ಕಟ್ಟಲು ಬರುವುದಿಲ್ಲವಂತೆ.”